ಎರಡು ಮತದಾನಗಳ ನಡುವಣ ಕಾಲ: ನ್ಯೂಯಾರ್ಕ್ ನಗರದ ‘ರನ್‌ಆಫ್’ ಚುನಾವಣೆಗಳ ಇತಿಹಾಸ

1. ಪ್ರಸ್ತಾವನೆ

ಚುನಾವಣೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮತದಾನದ ದಿನವನ್ನೂ ಫಲಿತಾಂಶದ ದಿನವನ್ನೂ ಕುರಿತು ಬರೆಯುತ್ತಾರೆ. ಯಾರು ನಿಂತರು, ಯಾರು ಗೆದ್ದರು, ಯಾವ ಸಮುದಾಯ ಯಾರ ಕಡೆಗೆ ವಾಲಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಪ್ರಾಧಾನ್ಯ. ಮತಪತ್ರ ಅಚ್ಚಾಗುವ, ಯಂತ್ರಗಳು ಸಿದ್ಧಗೊಳ್ಳುವ, ಊರಾಚೆ ಇರುವವರಿಗೆ ಅಂಚೆ ತಲಪುವ ದಿನಗಳು ಈ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಸಿದ್ಧತೆಯ ಈ ದಿನಗಳನ್ನೇ ಮುಖ್ಯ ವಸ್ತುವನ್ನಾಗಿ ಇಟ್ಟುಕೊಂಡು ಒಂದು ನಗರದ ಚುನಾವಣಾ ಇತಿಹಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಹೊರಗಿನ ವಿಷಯವೇನಲ್ಲ. ಹಳೆಯ ಮೈಸೂರು ಭಾಗದ ಗ್ರಾಮದೇವತೆಯ ಹಬ್ಬಗಳಲ್ಲಿ ಹಬ್ಬದ ದಿನಕ್ಕೆ ಎಷ್ಟು ಮಹತ್ವವಿದೆಯೋ ‘ಸಾರು ಹಾಕುವ’ ದಿನಕ್ಕೂ ಅಷ್ಟೇ ಮಹತ್ವವಿದೆ. ಊರಿನಲ್ಲಿ ಸಾರಿದ ಮೇಲೆ ಹಬ್ಬದವರೆಗಿನ ದಿನಗಳು ಕಟ್ಟುಪಾಡಿಗೆ ಒಳಪಡುತ್ತವೆ. ಬೀದಿ ಗುಡಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ದೂರದ ನೆಂಟರಿಗೆ ಹೇಳಿಕಳುಹಿಸುವುದು, ಆಯಾ ಮನೆತನದವರು ತಮ್ಮ ತಮ್ಮ ಸೇವೆಯ ಸಾಮಗ್ರಿಯನ್ನು ಅಣಿಗೊಳಿಸುವುದು ಇವೆಲ್ಲವೂ ಆ ಅವಧಿಯಲ್ಲಿ ನಡೆಯಬೇಕು. ಆ ದಿನಗಳು ಕಡಿಮೆಯಾದರೆ ದೂರದವರಿಗೆ ಸುದ್ದಿ ಮುಟ್ಟುವುದಿಲ್ಲ, ಮುಟ್ಟಿದರೂ ಅವರು ಬರಲಾಗುವುದಿಲ್ಲ. ಹೀಗೆ ಆಚರಣೆಯೊಂದರ ಪೂರ್ವಾವಧಿಯನ್ನು ಆಚರಣೆಯ ಅಂಗವೆಂದೇ ಕಾಣುವ ಕ್ರಮ ನಮ್ಮ ಕ್ಷೇತ್ರಕಾರ್ಯದಲ್ಲಿ ರೂಢಿಗತವಾದದ್ದು. ಅದೇ ಕ್ರಮವನ್ನು ಆಧುನಿಕ ನಗರವೊಂದರ ನಾಗರಿಕ ಆಚರಣೆಗೆ ಅನ್ವಯಿಸಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಇಲ್ಲಿ ಆಯ್ದುಕೊಂಡಿರುವುದು ಅಮೆರಿಕದ ನ್ಯೂಯಾರ್ಕ್ ನಗರವನ್ನು. ಮೊದಲ ಮತದಾನದಲ್ಲಿ ಯಾರಿಗೂ ನಿಗದಿತ ಪ್ರಮಾಣದ ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಮ್ಮೆ ನಡೆಸುವ ಮತದಾನವನ್ನು ಅಲ್ಲಿ ‘ರನ್‌ಆಫ್’ ಎನ್ನುತ್ತಾರೆ. ಓಟದ ಪಂದ್ಯದಲ್ಲಿ ಸಮಸಮ ಬಂದವರನ್ನು ಮತ್ತೆ ಓಡಿಸಿ ತೀರ್ಮಾನಿಸುವ ಪದ್ಧತಿಯಿಂದ ಬಂದ ಮಾತು ಇದು. ಪಂದ್ಯದಲ್ಲಿ ಓಟಗಾರರು ದಣಿವಾರಿಸಿಕೊಳ್ಳುವಷ್ಟು ಹೊತ್ತು ಸಾಕಾಗುತ್ತದೆ. ಲಕ್ಷಾಂತರ ಮತದಾರರಿರುವ ನಗರಕ್ಕೆ ಎಷ್ಟು ದಿನ ಸಾಕು ಎಂಬ ಪ್ರಶ್ನೆಗೆ ನ್ಯೂಯಾರ್ಕ್ ನಗರವು ಸುಮಾರು ಐದು ದಶಕಗಳಲ್ಲಿ ಕೊಟ್ಟ ಬೇರೆ ಬೇರೆ ಉತ್ತರಗಳೇ ಈ ಲೇಖನದ ಆಧಾರ.

2. ಶೇಕಡಾ 40ರ ನಿಯಮದ ಹುಟ್ಟು

ನ್ಯೂಯಾರ್ಕ್ ನಗರದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವವರು ಆ ಪಕ್ಷಕ್ಕೆ ಹೆಸರು ನೋಂದಾಯಿಸಿರುವ ಮತದಾರರು. ಈ ಒಳಚುನಾವಣೆಯನ್ನು ‘ಪ್ರೈಮರಿ’ ಎಂದು ಕರೆಯುತ್ತಾರೆ. ಡೆಮಾಕ್ರಟಿಕ್ ಪಕ್ಷಕ್ಕೆ ಸೇರಿದವರ ಸಂಖ್ಯೆ ನಗರದಲ್ಲಿ ಬಹಳ ಹೆಚ್ಚಾಗಿರುವುದರಿಂದ ಆ ಪಕ್ಷದ ಪ್ರೈಮರಿಯೇ ಅನೇಕ ವೇಳೆ ನಿಜವಾದ ಚುನಾವಣೆಯಾಗಿರುತ್ತದೆ. ನವೆಂಬರ್ ತಿಂಗಳ ಸಾರ್ವತ್ರಿಕ ಚುನಾವಣೆ ಔಪಚಾರಿಕವಾಗಿಬಿಡುತ್ತದೆ.

1969ರ ಜೂನ್ ತಿಂಗಳಲ್ಲಿ ಮೇಯರ್ ಸ್ಥಾನಕ್ಕೆ ನಡೆದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಐವರು ಸ್ಪರ್ಧಿಸಿದ್ದರು. ಮಾಜಿ ಮೇಯರ್ ರಾಬರ್ಟ್ ವ್ಯಾಗ್ನರ್, ಪೋರ್ಟೊ ರಿಕೊ ಮೂಲದ ಹರ್ಮನ್ ಬಾಡಿಯೊ, ಕಾದಂಬರಿಕಾರ ನಾರ್ಮನ್ ಮೇಲರ್, ಜೇಮ್ಸ್ ಶಾಯರ್ ಹಾಗೂ ನಗರದ ಲೆಕ್ಕಪತ್ರಗಳ ಹೊಣೆ ಹೊತ್ತಿದ್ದ ಮಾರಿಯೊ ಪ್ರೊಕಚೀನೊ. ಮತಗಳು ಐದು ಕಡೆಗೆ ಹಂಚಿಹೋದುದರ ಪರಿಣಾಮವಾಗಿ ಪ್ರೊಕಚೀನೊ ಸುಮಾರು ಶೇ. 33 ಮತ ಪಡೆದು ಅಭ್ಯರ್ಥಿಯಾದರು. ವ್ಯಾಗ್ನರ್ ಮತ್ತು ಬಾಡಿಯೊ ಹೆಚ್ಚು ಹಿಂದೆ ಇರಲಿಲ್ಲ. ಪಕ್ಷದ ಮೂವರಲ್ಲಿ ಇಬ್ಬರು ಬೇಡವೆಂದಿದ್ದ ಅಭ್ಯರ್ಥಿಯೇ ಪಕ್ಷದ ಹೆಸರಿನಲ್ಲಿ ಕಣಕ್ಕಿಳಿಯಬೇಕಾಯಿತು. ಅಂದಿನ ಮೇಯರ್ ಜಾನ್ ಲಿಂಡ್ಸೆ ತಮ್ಮ ರಿಪಬ್ಲಿಕನ್ ಪಕ್ಷದ ಪ್ರೈಮರಿಯಲ್ಲಿ ಸೋತಿದ್ದರೂ ಲಿಬರಲ್ ಪಕ್ಷದ ಹೆಸರಿನಲ್ಲಿ ನಿಂತು ನವೆಂಬರ್‌ನಲ್ಲಿ ಮತ್ತೆ ಗೆದ್ದರು.

ಈ ಅನುಭವದ ಹಿನ್ನೆಲೆಯಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸಕಾಂಗವು 1972ರಲ್ಲಿ ಕಾನೂನೊಂದನ್ನು ಮಾಡಿತು. ನಗರ ಮಟ್ಟದ ಮೂರು ಹುದ್ದೆಗಳಿಗೆ, ಅಂದರೆ ಮೇಯರ್, ಲೆಕ್ಕನಿಯಂತ್ರಕ ಮತ್ತು ನಗರಸಭೆಯ ಅಧ್ಯಕ್ಷ ಸ್ಥಾನಗಳಿಗೆ, ಪ್ರೈಮರಿಯಲ್ಲಿ ಯಾರಿಗೂ ಶೇ. 40 ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ರನ್‌ಆಫ್ ನಡೆಸಬೇಕೆಂಬುದು ಅದರ ಸಾರ. ನಗರಸಭೆಯ ಅಧ್ಯಕ್ಷ ಸ್ಥಾನವೇ 1993ರಿಂದ ‘ಪಬ್ಲಿಕ್ ಅಡ್ವೊಕೇಟ್’ ಎಂಬ ಹೆಸರು ಪಡೆಯಿತು. ಆಡಳಿತದ ವಿರುದ್ಧ ಜನರ ದೂರುಗಳನ್ನು ಆಲಿಸುವುದು ಆ ಹುದ್ದೆಯ ಮುಖ್ಯ ಕೆಲಸ.

ಹೊಸ ನಿಯಮದ ಮೊದಲ ಪ್ರಯೋಗ ನಡೆದುದು 1973ರಲ್ಲಿ. ಜೂನ್ 4ರ ಪ್ರೈಮರಿಯಲ್ಲಿ ಏಬ್ರಹಾಂ ಬೀಮ್ ಮತ್ತು ಬಾಡಿಯೊ ಮೊದಲ ಎರಡು ಸ್ಥಾನ ಪಡೆದರು. ಜೂನ್ 26ರಂದು ನಡೆದ ರನ್‌ಆಫ್‌ನಲ್ಲಿ ಬೀಮ್ ಗೆದ್ದರು. ಎರಡು ಮತದಾನಗಳ ನಡುವಿನ ಅಂತರ 22 ದಿನ. ಸಾರ್ವತ್ರಿಕ ಚುನಾವಣೆ ನವೆಂಬರ್‌ನಲ್ಲಿ ಇದ್ದುದರಿಂದ ಮುಂದೆಯೂ ನಾಲ್ಕು ತಿಂಗಳ ಬಿಡುವು ದೊರೆಯುತ್ತಿತ್ತು.

3. ದಿನಗಳು ಕುಗ್ಗಿದ ಬಗೆ

ಈ ಬಿಡುವು ಬಹುಕಾಲ ಉಳಿಯಲಿಲ್ಲ. 1974ರಿಂದ ನ್ಯೂಯಾರ್ಕ್ ರಾಜ್ಯದ ಪ್ರೈಮರಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ಗೆ ಬದಲಾಯಿಸಲಾಯಿತು. ಸಾರ್ವತ್ರಿಕ ಚುನಾವಣೆಯ ದಿನ ಮಾತ್ರ ನವೆಂಬರ್‌ನಲ್ಲಿಯೇ ನಿಂತಿತು. ಎರಡು ಕಂಬಗಳ ನಡುವಿನ ಜಾಗ ಕಿರಿದಾದಾಗ ನಡುವೆ ನಿಲ್ಲಬೇಕಾದ ರನ್‌ಆಫ್‌ಗೆ ಇಕ್ಕಟ್ಟಾಯಿತು.

1977ರ ಚುನಾವಣೆ ಇದಕ್ಕೆ ನಿದರ್ಶನ. ಆ ವರ್ಷ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಎಡ್ವರ್ಡ್ ಕಾಚ್, ಮಾರಿಯೊ ಕುವೊಮೊ, ಹಾಲಿ ಮೇಯರ್ ಬೀಮ್, ಬೆಲ್ಲಾ ಆಬ್‌ಜುಗ್, ಪರ್ಸಿ ಸಟನ್, ಬಾಡಿಯೊ ಮೊದಲಾದವರಿದ್ದರು. ಮೊದಲ ಸ್ಥಾನ ಪಡೆದ ಕಾಚ್ ಅವರಿಗೆ ಬಂದದ್ದು ಸುಮಾರು ಶೇ. 20, ಎರಡನೆಯ ಸ್ಥಾನದ ಕುವೊಮೊ ಅವರಿಗೆ ಸುಮಾರು ಶೇ. 19. ಅಂದರೆ ಹತ್ತರಲ್ಲಿ ಆರು ಮಂದಿ ಮತದಾರರು ಬೆಂಬಲಿಸಿದ್ದ ಅಭ್ಯರ್ಥಿಗಳು ಕಣದಿಂದ ಹೊರಬಿದ್ದಿದ್ದರು. ಅಷ್ಟು ಜನ ತಮ್ಮ ಆಯ್ಕೆಯನ್ನು ಹೊಸದಾಗಿ ಯೋಚಿಸಬೇಕಾಗಿತ್ತು. ಅದಕ್ಕೆ ದೊರೆತ ಅವಧಿ ಸೆಪ್ಟೆಂಬರ್ 8ರಿಂದ ಸೆಪ್ಟೆಂಬರ್ 19ರವರೆಗೆ, ಕೇವಲ 11 ದಿನ. 1973ಕ್ಕೆ ಹೋಲಿಸಿದರೆ ನಿಖರವಾಗಿ ಅರ್ಧ. ರನ್‌ಆಫ್‌ನಲ್ಲಿ ಕಾಚ್ ಗೆದ್ದು ನವೆಂಬರ್‌ನಲ್ಲಿ ಮೇಯರ್ ಆದರು. ನಂತರದ ವರ್ಷಗಳಲ್ಲಿ ಎರಡು ವಾರಗಳ ಅಂತರ ರೂಢಿಗೆ ಬಂತು.

ಈ ಅವಧಿಯಲ್ಲಿ ರನ್‌ಆಫ್ ಪದ್ಧತಿಯ ಮೇಲೆ ಬಂದ ಮುಖ್ಯ ಆಕ್ಷೇಪ ದಿನಗಳಿಗೆ ಸಂಬಂಧಿಸಿದ್ದಲ್ಲ, ಜನಾಂಗ ನ್ಯಾಯಕ್ಕೆ ಸಂಬಂಧಿಸಿದ್ದು. ಮೊದಲ ಸುತ್ತಿನಲ್ಲಿ ಮುಂದೆ ಬರುವ ಕಪ್ಪು ಅಥವಾ ಹಿಸ್ಪಾನಿಕ್ ಅಭ್ಯರ್ಥಿಯನ್ನು ಎರಡನೆಯ ಸುತ್ತಿನಲ್ಲಿ ಉಳಿದವರೆಲ್ಲ ಒಂದಾಗಿ ಸೋಲಿಸಲು ಈ ನಿಯಮ ಅನುವು ಮಾಡಿಕೊಡುತ್ತದೆ ಎಂದು ವಾದಿಸಿ ಪಾದ್ರಿ ಕಾಲ್ವಿನ್ ಬಟ್ಸ್ ಮೊದಲಾದವರು ನ್ಯಾಯಾಲಯಕ್ಕೆ ಹೋದರು. 1985ರಲ್ಲಿ ಜಿಲ್ಲಾ ನ್ಯಾಯಾಲಯ ಅವರ ವಾದವನ್ನು ಒಪ್ಪಿತಾದರೂ ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ನಿಯಮ ಉಳಿಯಿತು. ರನ್‌ಆಫ್ ಇರಬೇಕೇ ಬೇಡವೇ ಎಂಬ ಚರ್ಚೆಯ ಭರದಲ್ಲಿ ಅದು ಎಷ್ಟು ದಿನಗಳ ನಂತರ ನಡೆಯಬೇಕು ಎಂಬ ಪ್ರಶ್ನೆ ಮರೆಯಲ್ಲಿಯೇ ಉಳಿಯಿತು.

4. 2001ರ ಸೆಪ್ಟೆಂಬರ್

2001ರ ಪ್ರೈಮರಿ ಗೊತ್ತಾಗಿದ್ದುದು ಸೆಪ್ಟೆಂಬರ್ 11ರ ಮಂಗಳವಾರಕ್ಕೆ. ಬೆಳಗ್ಗೆ 6 ಗಂಟೆಗೆ ಮತಗಟ್ಟೆಗಳು ತೆರೆದಿದ್ದವು. 8 ಗಂಟೆ 46 ನಿಮಿಷಕ್ಕೆ ಮೊದಲ ವಿಮಾನ ವಿಶ್ವ ವಾಣಿಜ್ಯ ಕೇಂದ್ರಕ್ಕೆ ಅಪ್ಪಳಿಸಿತು. ಮತದಾನವನ್ನು ಅಂದೇ ನಿಲ್ಲಿಸಲಾಯಿತು. ಆ ಬೆಳಗ್ಗೆ ಯಂತ್ರಗಳಲ್ಲಿ ದಾಖಲಾಗಿದ್ದ ಮತಗಳನ್ನು ರದ್ದುಪಡಿಸಿ ಸೆಪ್ಟೆಂಬರ್ 25ರಂದು ಹೊಸದಾಗಿ ಮತದಾನ ನಡೆಸಲಾಯಿತು. ಅಗತ್ಯ ಬಿದ್ದರೆ ರನ್‌ಆಫ್ ಅಕ್ಟೋಬರ್ 11ರಂದು ಎಂದು ಗೊತ್ತುಮಾಡಲಾಯಿತು.

ಸೆಪ್ಟೆಂಬರ್ 25ರಂದು ಫರ್ನಾಂಡೊ ಫೆರರ್ ಮೊದಲ ಸ್ಥಾನ, ಮಾರ್ಕ್ ಗ್ರೀನ್ ಎರಡನೆಯ ಸ್ಥಾನ ಪಡೆದರು. ಇಬ್ಬರಿಗೂ ಶೇ. 40 ಬರಲಿಲ್ಲ. ನಗರದ ದಕ್ಷಿಣ ತುದಿ ಇನ್ನೂ ಅವಶೇಷಗಳಡಿ ಹೊಗೆಯಾಡುತ್ತಿದ್ದಾಗ ಚುನಾವಣಾ ಮಂಡಳಿಯು 16 ದಿನಗಳಲ್ಲಿ ಮತ್ತೊಂದು ಮತದಾನ ನಡೆಸಬೇಕಾಯಿತು. ಅಕ್ಟೋಬರ್ 11ರ ರನ್‌ಆಫ್‌ನಲ್ಲಿ ಗ್ರೀನ್ ಅಲ್ಪ ಅಂತರದಿಂದ ಗೆದ್ದರು. ಮುಂದೆ 26 ದಿನಗಳಲ್ಲಿ ಸಾರ್ವತ್ರಿಕ ಚುನಾವಣೆ. ನವೆಂಬರ್ 6ರಂದು ರಿಪಬ್ಲಿಕನ್ ಅಭ್ಯರ್ಥಿ ಮೈಕೆಲ್ ಬ್ಲೂಮ್‌ಬರ್ಗ್ ಗೆದ್ದರು.

2001ರ ಪ್ರಕರಣವನ್ನು ಸಾಮಾನ್ಯವಾಗಿ ಮಹಾ ದುರಂತದ ನಡುವೆಯೂ ಚುನಾವಣೆ ನಡೆದ ಧೈರ್ಯದ ಕಥೆಯನ್ನಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಇದಕ್ಕೆ ಉತ್ತರ ಸಿಬ್ಬಂದಿಯ ಶ್ರಮದಲ್ಲಿ ಎಷ್ಟಿದೆಯೋ ಅಂದು ಬಳಕೆಯಲ್ಲಿದ್ದ ಯಂತ್ರದ ರಚನೆಯಲ್ಲಿಯೂ ಅಷ್ಟೇ ಇದೆ.

5. ಯಂತ್ರದೊಳಗಿನ ಕಾಲ

ಅಮೆರಿಕದಲ್ಲಿ ಲಿವರ್ ಮತಯಂತ್ರ ಮೊದಲು ಬಳಕೆಯಾದದ್ದು 1892ರಲ್ಲಿ, ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಎಂಬ ಊರಿನಲ್ಲಿ. ಅದನ್ನು ರೂಪಿಸಿದವರು ಜೇಕಬ್ ಮೈಯರ್ಸ್. ನ್ಯೂಯಾರ್ಕ್ ನಗರದಲ್ಲಿ 1960ರ ದಶಕದಿಂದ ‘ಶೌಪ್’ ಕಂಪನಿಯ ಯಂತ್ರಗಳು ಬಳಕೆಯಲ್ಲಿದ್ದವು. ಕಪಾಟಿನಷ್ಟು ಎತ್ತರದ, ನಾಲ್ಕಾರು ಜನ ಸೇರಿ ತಳ್ಳಬೇಕಾದ ಕಬ್ಬಿಣದ ಪೆಟ್ಟಿಗೆ ಅದು. ಮತದಾರ ಒಳಗೆ ನಿಂತು ದೊಡ್ಡ ಹಿಡಿಕೆಯನ್ನು ಎಳೆದರೆ ಹಿಂದೆ ಪರದೆ ಮುಚ್ಚಿಕೊಳ್ಳುತ್ತಿತ್ತು. ಹೆಸರುಗಳ ಬಳಿ ಇದ್ದ ಚಿಕ್ಕ ಹಿಡಿಕೆಗಳನ್ನು ಕೆಳಗೆ ಒತ್ತಿ, ದೊಡ್ಡ ಹಿಡಿಕೆಯನ್ನು ಹಿಂದಕ್ಕೆ ತಳ್ಳಿದಾಗ ಸದ್ದಿನೊಡನೆ ಮತ ದಾಖಲಾಗಿ ಪರದೆ ತೆರೆದುಕೊಳ್ಳುತ್ತಿತ್ತು. ಒಂದು ಹುದ್ದೆಗೆ ಇಬ್ಬರಿಗೆ ಮತ ಹಾಕಲು ಯಂತ್ರವೇ ಬಿಡುತ್ತಿರಲಿಲ್ಲ. ಹಲವು ತಲೆಮಾರುಗಳ ನಗರವಾಸಿಗಳಿಗೆ ಆ ಸದ್ದೇ ಮತದಾನದ ಗುರುತಾಗಿತ್ತು. ಭೌತಿಕ ಸಂಸ್ಕೃತಿಯ ಅಧ್ಯಯನಕಾರರು ಗಮನಿಸಬೇಕಾದ ವಸ್ತು ಇದು.

ರನ್‌ಆಫ್ ದೃಷ್ಟಿಯಿಂದ ಈ ಯಂತ್ರದ ವಿಶೇಷವೆಂದರೆ ಅದನ್ನು ಮತ್ತೊಂದು ಚುನಾವಣೆಗೆ ಸಿದ್ಧಪಡಿಸುವ ಸರಳತೆ. ದಿನದ ಕೊನೆಗೆ ಹಿಂಬದಿಯ ಬಾಗಿಲು ತೆರೆದು ಎಣಿಕೆಯ ಗಾಲಿಗಳಲ್ಲಿ ಕಾಣುವ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರು. ಮರುಪರಿಶೀಲನೆ ಮುಗಿದ ಮೇಲೆ ಗಾಲಿಗಳನ್ನು ಸೊನ್ನೆಗೆ ತಂದು, ಹೆಸರುಗಳಿದ್ದ ಕಾಗದದ ಪಟ್ಟಿಯನ್ನು ತೆಗೆದು ಹೊಸ ಪಟ್ಟಿ ಸೇರಿಸಿದರೆ ಯಂತ್ರ ಸಿದ್ಧ. ಪ್ರತಿ ಮತದಾರನಿಗೂ ಒಂದು ಮತಪತ್ರ ಅಚ್ಚುಮಾಡಬೇಕಾಗಿರಲಿಲ್ಲ. ಪ್ರತಿ ಯಂತ್ರಕ್ಕೆ ಒಂದು ಪಟ್ಟಿ ಸಾಕಾಗುತ್ತಿತ್ತು. ಎರಡು ವಾರಗಳ ಅವಧಿ ಕಾನೂನಿನಲ್ಲಿ ನೆಲೆಯೂರಿದ್ದು ಈ ಯಂತ್ರದ ಅಳತೆಗೆ ತಕ್ಕಂತೆ. ನಿಯಮ ಬೇರೆ, ಯಂತ್ರ ಬೇರೆ ಎಂದು ತೋರಿದರೂ ಒಂದು ಇನ್ನೊಂದರ ಮೇಲೆ ನಿಂತಿತ್ತು.

ಯಂತ್ರಕ್ಕೆ ಅದರದೇ ಆದ ದೋಷಗಳಿದ್ದವು. ಒಬ್ಬೊಬ್ಬರ ಮತಕ್ಕೂ ಕಾಗದದ ದಾಖಲೆ ಇರಲಿಲ್ಲವಾದ್ದರಿಂದ ಒಟ್ಟು ಅಂಕಿಯನ್ನು ನಂಬಬೇಕಾಗಿತ್ತು. ದೃಷ್ಟಿ ಇಲ್ಲದವರು, ಕೈಯಲ್ಲಿ ಬಲವಿಲ್ಲದವರು, ಗಾಲಿಕುರ್ಚಿಯಲ್ಲಿ ಬರುವವರು ಯಾರ ನೆರವೂ ಇಲ್ಲದೆ ಮತ ಹಾಕಲಾಗುತ್ತಿರಲಿಲ್ಲ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದ ಎಣಿಕೆ ವಿವಾದಕ್ಕೆ ಒಳಗಾದ ನಂತರ ಅಮೆರಿಕದ ಸಂಸತ್ತು 2002ರಲ್ಲಿ ಮತದಾನ ಸುಧಾರಣೆಯ ಕಾಯಿದೆಯೊಂದನ್ನು ಮಾಡಿತು. ಅದಕ್ಕೆ ಅನುಗುಣವಾಗಿ ಬದಲಾಗುವುದರಲ್ಲಿ ನ್ಯೂಯಾರ್ಕ್ ರಾಜ್ಯ ಬಹಳ ಹಿಂದೆ ಬಿದ್ದಿತು. 2006ರಲ್ಲಿ ಕೇಂದ್ರ ನ್ಯಾಯ ಇಲಾಖೆ ರಾಜ್ಯದ ಮೇಲೆ ಮೊಕದ್ದಮೆ ಹೂಡಿತು. ಕೊನೆಗೆ 2010ರ ಸೆಪ್ಟೆಂಬರ್‌ನಲ್ಲಿ ನಗರದಾದ್ಯಂತ ಹೊಸ ಪದ್ಧತಿ ಬಂತು. ಮತದಾರ ಕಾಗದದ ಮತಪತ್ರದಲ್ಲಿ ಗುರುತು ಹಾಕಿ ಅದನ್ನು ಸ್ಕ್ಯಾನರ್ ಯಂತ್ರದೊಳಗೆ ಬಿಡುವುದು ಅದರ ಕ್ರಮ.

2009ರ ಸೆಪ್ಟೆಂಬರ್ 15ರ ಪ್ರೈಮರಿಯ ನಂತರ 29ರಂದು ಎರಡು ಹುದ್ದೆಗಳಿಗೆ ನಡೆದ ರನ್‌ಆಫ್ ಹಳೆಯ ಯಂತ್ರಗಳಲ್ಲಿಯೇ ನಡೆದಿತ್ತು. ಹೊಸ ಸ್ಕ್ಯಾನರ್‌ಗಳು ಬಂದ ಮೇಲೆ ಮೊದಲ ನಗರ ಚುನಾವಣೆ ಬರುವುದು 2013ರಲ್ಲಿ. ಹೀಗಾಗಿ ಹೊಸ ಯಂತ್ರಕ್ಕೂ ಹಳೆಯ ನಿಯಮಕ್ಕೂ ಹೊಂದಿಕೆಯಾಗುತ್ತದೆಯೇ ಎಂಬುದು ಆವರೆಗೆ ಪರೀಕ್ಷೆಗೆ ಬಂದಿರಲಿಲ್ಲ.

6. ಉಗ್ರಾಣದಿಂದ ಬಂದ ಯಂತ್ರಗಳು: 2013

ಸ್ಕ್ಯಾನರ್ ಪದ್ಧತಿಯಲ್ಲಿ ರನ್‌ಆಫ್ ನಡೆಸಲು ಏನೇನು ಆಗಬೇಕು ಎಂಬುದನ್ನು ಕ್ರಮವಾಗಿ ನೋಡಬೇಕು. ಮೊದಲಿಗೆ ಪ್ರೈಮರಿಯ ಎಣಿಕೆ ಮುಗಿದು ಯಾರು ಮೊದಲ ಇಬ್ಬರು ಎಂಬುದು ಖಚಿತವಾಗಬೇಕು. ಅಂಚೆ ಮೂಲಕ ಬರುವ ಮತಗಳೂ, ಮತದಾರರ ಪಟ್ಟಿಯಲ್ಲಿ ಹೆಸರು ಕಾಣದೆ ತಾತ್ಕಾಲಿಕವಾಗಿ ಹಾಕಿಸಿದ ಮತಗಳೂ ಇದರಲ್ಲಿ ಸೇರುತ್ತವೆ. ಅಂತರ ತೀರ ಕಡಿಮೆಯಿದ್ದರೆ ಕೈಯಿಂದ ಮರುಎಣಿಕೆ ಮಾಡಬೇಕು. ಅನಂತರ ಮತಪತ್ರದ ವಿನ್ಯಾಸ, ಭಾಷಾಂತರ, ಕರಡು ತಿದ್ದುವಿಕೆ, ಲಕ್ಷಗಟ್ಟಲೆ ಪ್ರತಿಗಳ ಮುದ್ರಣ. ಪ್ರತಿ ಸ್ಕ್ಯಾನರ್‌ಗೂ ಹೊಸ ಮತಪತ್ರವನ್ನು ಓದುವ ಸೂಚನೆ ತುಂಬಿ, ಮಾದರಿ ಮತಪತ್ರಗಳಿಂದ ಪರೀಕ್ಷಿಸಿ, ಮೊಹರು ಮಾಡಿ, ಐದು ಬರೋಗಳ ಮತಗಟ್ಟೆಗಳಿಗೆ ಸಾಗಿಸಬೇಕು. ಇವುಗಳಲ್ಲಿ ಒಂದು ಮುಗಿಯದೆ ಮತ್ತೊಂದು ತೊಡಗುವಂತಿಲ್ಲ. ಎರಡು ವಾರಗಳಲ್ಲಿ ಇಷ್ಟನ್ನು ಮಾಡಲಾಗದು ಎಂದು ಚುನಾವಣಾ ಮಂಡಳಿ ಮೊದಲೇ ಹೇಳಿತು.

ಕರಡು ತಿದ್ದುವ ಕೆಲಸವನ್ನು ಹಗುರವಾಗಿ ಎಣಿಸುವಂತಿಲ್ಲ. 2000ದ ನವೆಂಬರ್ ಚುನಾವಣೆಯಲ್ಲಿ ಕ್ವೀನ್ಸ್ ಬರೋದ ಕೆಲವು ಮತಗಟ್ಟೆಗಳ ಚೀನೀ ಭಾಷೆಯ ಮತಪತ್ರದಲ್ಲಿ ಡೆಮಾಕ್ರಟಿಕ್ ಎಂಬಲ್ಲಿ ರಿಪಬ್ಲಿಕನ್ ಎಂದೂ ರಿಪಬ್ಲಿಕನ್ ಎಂಬಲ್ಲಿ ಡೆಮಾಕ್ರಟಿಕ್ ಎಂದೂ ಅಚ್ಚಾಗಿತ್ತು. ಇಂಗ್ಲಿಷ್ ಬಾರದ ಮತದಾರನಿಗೆ ಆ ಕಾಗದವೇ ಪ್ರಮಾಣ. ಸ್ಪ್ಯಾನಿಷ್, ಚೀನೀ, ಕೊರಿಯನ್ ಭಾಷೆಗಳ ಜೊತೆಗೆ ಕ್ವೀನ್ಸ್‌ನಲ್ಲಿ ಭಾರತೀಯ ಮೂಲದ ಭಾಷೆಯೊಂದಕ್ಕೂ ಕಾನೂನು ಸ್ಥಾನ ಕೊಟ್ಟಿತ್ತು. ಅದರಂತೆ 2013ರಲ್ಲಿ ಬಂಗಾಳಿ ಲಿಪಿ ಅಲ್ಲಿನ ಮತಪತ್ರದಲ್ಲಿ ಕಾಣಿಸಿಕೊಂಡಿತು. ಭಾಷೆಗಳು ಹೆಚ್ಚಿದಷ್ಟೂ ಪರಿಶೀಲನೆಯ ದಿನಗಳೂ ಹೆಚ್ಚಬೇಕಾಗುತ್ತದೆ. ಆ ದಿನಗಳನ್ನು ಕಡಿಮೆ ಮಾಡಿದರೆ ಅದರ ಹೊರೆ ಬೀಳುವುದು ಅಲ್ಪಸಂಖ್ಯಾತ ಭಾಷಿಕರ ಮೇಲೆ.

2013ರ ಜುಲೈನಲ್ಲಿ ರಾಜ್ಯ ಶಾಸಕಾಂಗದ ಒಪ್ಪಿಗೆ ಪಡೆದ ಮಸೂದೆಗೆ ರಾಜ್ಯಪಾಲ ಆಂಡ್ರ್ಯೂ ಕುವೊಮೊ ಸಹಿ ಹಾಕಿದರು. ಅದು ಎರಡು ಪರಿಹಾರಗಳನ್ನು ಒಟ್ಟಿಗೆ ಕೊಟ್ಟಿತು. ಮೊದಲನೆಯದು, ಆ ವರ್ಷದ ಪ್ರೈಮರಿಗೂ ರನ್‌ಆಫ್‌ಗೂ ಲಿವರ್ ಯಂತ್ರಗಳನ್ನು ಮತ್ತೆ ಬಳಸಬಹುದು. ಎರಡನೆಯದು, ರನ್‌ಆಫ್ ಅನ್ನು ಸೆಪ್ಟೆಂಬರ್ 24ರಿಂದ ಅಕ್ಟೋಬರ್ 1ಕ್ಕೆ, ಅಂದರೆ ಒಂದು ವಾರ ಮುಂದಕ್ಕೆ, ಹಾಕಬಹುದು. 2002ರ ಕೇಂದ್ರ ಕಾಯಿದೆ ಕೇಂದ್ರದ ಹುದ್ದೆಗಳ ಚುನಾವಣೆಗೆ ಮಾತ್ರ ಕಡ್ಡಾಯವಾಗಿದ್ದುದರಿಂದ ನಗರ ಚುನಾವಣೆಯಲ್ಲಿ ಹಳೆಯ ಯಂತ್ರಕ್ಕೆ ಅಡ್ಡಿ ಇರಲಿಲ್ಲ. ಹೀಗೆ ಕೋಟ್ಯಂತರ ಡಾಲರ್ ವೆಚ್ಚದ ಹೊಸ ಯಂತ್ರಗಳು ಇದ್ದಂತೆಯೇ ಉಗ್ರಾಣ ಸೇರಿದ್ದ ಹಳೆಯ ಸಾವಿರಾರು ಯಂತ್ರಗಳಿಗೆ ಎಣ್ಣೆ ಹಾಕಿ ಹೊರತೆಗೆಯಲಾಯಿತು. ಅಂಗವಿಕಲರಿಗಾಗಿ ಬೇರೆ ಉಪಕರಣ ಇಟ್ಟಿದ್ದರೂ ಉಳಿದವರೆಲ್ಲ ಒಂದು ಯಂತ್ರದಲ್ಲಿ, ತಾವು ಮಾತ್ರ ಇನ್ನೊಂದರಲ್ಲಿ ಮತ ಹಾಕಬೇಕಾದ ಸ್ಥಿತಿಗೆ ಅವರ ಪರ ಸಂಘಟನೆಗಳು ಆಕ್ಷೇಪಿಸಿದವು.

ಸೆಪ್ಟೆಂಬರ್ 10ರಂದು ಪ್ರೈಮರಿ ನಡೆಯಿತು. ಮೇಯರ್ ಸ್ಥಾನಕ್ಕೆ ಬಿಲ್ ಡಿ ಬ್ಲಾಸಿಯೊ ಶೇ. 40ರ ಗೆರೆಯನ್ನು ಕೂದಲೆಳೆಯಷ್ಟು ದಾಟಿದಂತೆ ಕಂಡಿತು. ಆದರೆ ಕಾಗದದ ಮತಗಳ ಎಣಿಕೆ ಬಾಕಿಯಿತ್ತು. ಎರಡನೆಯ ಸ್ಥಾನದ ಬಿಲ್ ಥಾಮ್ಸನ್ ಸೆಪ್ಟೆಂಬರ್ 16ರಂದು ಸೋಲೊಪ್ಪಿಕೊಳ್ಳುವವರೆಗೆ ಮೇಯರ್ ಹುದ್ದೆಗೆ ರನ್‌ಆಫ್ ಇದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಅಂದರೆ 21 ದಿನಗಳಲ್ಲಿ 6 ದಿನಗಳು ಅನಿಶ್ಚಯದಲ್ಲಿಯೇ ಕಳೆದವು. ಹಳೆಯ ಎರಡು ವಾರಗಳ ಲೆಕ್ಕದಲ್ಲಾಗಿದ್ದರೆ ಉಳಿಯುತ್ತಿದ್ದುದು 8 ದಿನ ಮಾತ್ರ.

ಪಬ್ಲಿಕ್ ಅಡ್ವೊಕೇಟ್ ಸ್ಥಾನಕ್ಕೆ ಮಾತ್ರ ಅಕ್ಟೋಬರ್ 1ರಂದು ರನ್‌ಆಫ್ ನಡೆಯಿತು. ಲೆಟಿಶಿಯಾ ಜೇಮ್ಸ್ ಅವರು ಡೇನಿಯಲ್ ಸ್ಕ್ವಾಡ್ರನ್ ಅವರನ್ನು ಸೋಲಿಸಿದರು. ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯೇ ಇರಲಿಲ್ಲವಾದ್ದರಿಂದ ಹುದ್ದೆ ಅಂದೇ ತೀರ್ಮಾನವಾದಂತಾಯಿತು. ಮತ ಹಾಕಿದವರು ಎರಡು ಲಕ್ಷದ ಆಸುಪಾಸು; ಅರ್ಹರಾಗಿದ್ದ ಡೆಮಾಕ್ರಟಿಕ್ ಮತದಾರರ ಸಂಖ್ಯೆ ಮೂವತ್ತು ಲಕ್ಷದಷ್ಟು. ರನ್‌ಆಫ್ ವೆಚ್ಚವನ್ನು ಸುಮಾರು 1.3 ಕೋಟಿ ಡಾಲರ್ ಎಂದು ಅಂದಾಜು ಮಾಡಲಾಗಿತ್ತು. ಆ ಹುದ್ದೆಯ ಕಚೇರಿಗೆ ವರ್ಷಕ್ಕೆ ದೊರೆಯುತ್ತಿದ್ದ ಅನುದಾನ 23 ಲಕ್ಷ ಡಾಲರ್‌ನಷ್ಟು. ಪತ್ರಿಕೆಗಳು ಈ ಅಂಕಿಗಳ ವಿಪರ್ಯಾಸವನ್ನು ಎತ್ತಿ ಬರೆದವು. ಆದರೆ ದುಂದುವೆಚ್ಚದ ಮಾತಿಗಿಂತ ಗಂಭೀರವಾದದ್ದು ಬಾರದೆ ಉಳಿದವರ ಸಂಗತಿ. ವಿದೇಶದಲ್ಲಿರುವ ಸೈನಿಕನಿಗೆ ಮತಪತ್ರ ಹೋಗಿ ಮರಳಿ ಬರಲು ಎರಡು ಮೂರು ವಾರ ಸಾಲದು. ಕೇಂದ್ರದ ಹುದ್ದೆಗಳ ಚುನಾವಣೆಯಲ್ಲಿ ಅಂಥವರಿಗೆ 45 ದಿನ ಮೊದಲೇ ಮತಪತ್ರ ಕಳುಹಿಸಬೇಕೆಂದು 2009ರ ಕಾಯಿದೆಯೇ ಹೇಳುತ್ತದೆ. ಅದೇ ಅಳತೆಗೋಲನ್ನು ನಗರಕ್ಕೆ ಹಿಡಿದರೆ ನ್ಯೂಯಾರ್ಕ್‌ನ ಯಾವ ರನ್‌ಆಫ್ ಕೂಡ ಅದರ ಅರ್ಧದಷ್ಟು ಅವಧಿಯನ್ನೂ ಕೊಟ್ಟಿರಲಿಲ್ಲ.

7. ಬೇರೆ ನಗರಗಳ ಲೆಕ್ಕ

ಹೋಲಿಕೆಗೆ ಎರಡು ಉದಾಹರಣೆಗಳನ್ನು ನೋಡಬಹುದು. ಶಿಕಾಗೊ ನಗರದಲ್ಲಿ ಮೊದಲ ಸುತ್ತು ಫೆಬ್ರವರಿಯ ಕೊನೆಯ ಮಂಗಳವಾರ, ಎರಡನೆಯದು ಏಪ್ರಿಲ್‌ನ ಮೊದಲ ಮಂಗಳವಾರ. ಅಲ್ಲಿ ಮೇಯರ್ ಸ್ಥಾನಕ್ಕೆ ಮೊದಲ ಬಾರಿ ಎರಡನೆಯ ಸುತ್ತು ನಡೆದುದು 2015ರಲ್ಲಿ. ಫೆಬ್ರವರಿ 24 ಮತ್ತು ಏಪ್ರಿಲ್ 7ರ ನಡುವೆ 6 ವಾರಗಳಿದ್ದವು. 2019ರಲ್ಲಿಯೂ 2023ರಲ್ಲಿಯೂ 5 ವಾರಗಳು ದೊರೆತವು. ಎರಡನೆಯ ಸುತ್ತೇ ಅಂತಿಮ ಚುನಾವಣೆಯಾಗಿರುವುದರಿಂದ ಅದರ ಮುಂದೆ ಮತ್ತೊಂದು ದಿನಾಂಕದ ಗೋಡೆ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಫ್ರಾನ್ಸ್ ದೇಶದ ಪುರಸಭಾ ಚುನಾವಣೆಗಳಲ್ಲಿ ಎರಡು ಸುತ್ತುಗಳ ನಡುವೆ ಇರುವುದು ಒಂದೇ ವಾರ. ಭಾನುವಾರ ಮೊದಲ ಸುತ್ತು, ಮಂಗಳವಾರ ಸಂಜೆಯೊಳಗೆ ಎರಡನೆಯ ಸುತ್ತಿನ ನಾಮಪತ್ರ, ಮರುಭಾನುವಾರ ಮತದಾನ. ಇದು ಸಾಧ್ಯವಾಗುವುದು ಅಲ್ಲಿನ ಸಾಮಗ್ರಿಯ ಸರಳತೆಯಿಂದ. ಪ್ರತಿ ಅಭ್ಯರ್ಥಿ ಪಟ್ಟಿಗೂ ಒಂದೊಂದು ಚೀಟಿ; ಮತದಾರ ತನಗೆ ಬೇಕಾದ ಚೀಟಿಯನ್ನು ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡುತ್ತಾನೆ; ಅಂದು ರಾತ್ರಿಯೇ ಮತಗಟ್ಟೆಯಲ್ಲಿ ಊರವರ ಎದುರು ಕೈಯಿಂದ ಎಣಿಕೆ. 2020ರಲ್ಲಿ ಮಾರ್ಚ್ 15ರ ಮೊದಲ ಸುತ್ತಿನ ಮರುದಿನವೇ ಕೋವಿಡ್ ಕಾರಣದಿಂದ ಎರಡನೆಯ ಸುತ್ತನ್ನು ಮುಂದೂಡಲಾಯಿತು. ಅದು ನಡೆದುದು ಜೂನ್ 28ರಂದು, 15 ವಾರಗಳ ನಂತರ. ಅರ್ಧಕ್ಕಿಂತ ಹೆಚ್ಚು ಮತದಾರರು ಬರಲಿಲ್ಲ. ರೋಗದ ಭಯ ಅದಕ್ಕೆ ಮುಖ್ಯ ಕಾರಣವಾದರೂ ಅತಿ ದೀರ್ಘ ಅಂತರವೂ ಎರಡು ಸುತ್ತುಗಳನ್ನು ಒಂದೇ ಚುನಾವಣೆಯೆಂದು ಭಾವಿಸುವ ಎಳೆಯನ್ನು ಸಡಿಲಗೊಳಿಸುತ್ತದೆ ಎಂಬ ಚರ್ಚೆ ಇದರಿಂದ ಎದ್ದಿತು.

ಇವುಗಳಿಂದ ತಿಳಿಯುವುದಿಷ್ಟು: ಸರಿಯಾದ ಅವಧಿ ಎಂಬುದು ಕೇವಲ ಒಂದು ಸಂಖ್ಯೆಯಲ್ಲ. ಎಣಿಕೆಯ ರೀತಿ, ಮುದ್ರಣದ ರೀತಿ, ದೂರದ ಮತದಾರರ ಪ್ರಮಾಣ ಮತ್ತು ಮುಂದಿನ ಚುನಾವಣೆಯ ದಿನಾಂಕ ಈ ನಾಲ್ಕನ್ನೂ ಕೂಡಿಸಿ ಕಳೆದು ಅದನ್ನು ಪಡೆಯಬೇಕು. ನಾಲ್ಕರಲ್ಲಿ ಒಂದು ಬದಲಾದರೂ ಉಳಿದ ಲೆಕ್ಕವನ್ನು ಮತ್ತೆ ಮಾಡಬೇಕು. 2010ರಲ್ಲಿ ಯಂತ್ರ ಬದಲಾಯಿಸಿದ ನ್ಯೂಯಾರ್ಕ್ ಈ ಮರುಲೆಕ್ಕವನ್ನು 2013ರವರೆಗೆ ಮುಂದೂಡಿತ್ತು.

8. ಎರಡನೆಯ ದಿನವನ್ನು ಮೊದಲನೆಯದರಲ್ಲಿ ಸೇರಿಸಿದ ಪ್ರಯೋಗ

2019ರ ನವೆಂಬರ್‌ನಲ್ಲಿ ನಗರದ ಸನ್ನದಿಗೆ ತಿದ್ದುಪಡಿ ಮಾಡುವ ಪ್ರಸ್ತಾಪವನ್ನು ಮತದಾರರ ಮುಂದೆ ಇಡಲಾಯಿತು. ಪ್ರೈಮರಿ ಮತ್ತು ವಿಶೇಷ ಚುನಾವಣೆಗಳಲ್ಲಿ ಮತದಾರ ಐವರವರೆಗೆ ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸಬಹುದು. ಹಿಂದೆ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ವರ್ಗಾಯಿಸಲಾಗುತ್ತದೆ. ಸುಮಾರು ಶೇ. 74 ಮತದಾರರು ಒಪ್ಪಿದರು. ಇದರೊಂದಿಗೆ ಪ್ರತ್ಯೇಕ ದಿನದ ರನ್‌ಆಫ್ ನ್ಯೂಯಾರ್ಕ್‌ನಲ್ಲಿ ಕೊನೆಗೊಂಡಿತು. ಪ್ರೈಮರಿಯೂ ಮತ್ತೆ ಜೂನ್ ತಿಂಗಳಿಗೆ ಮರಳಿತು.

ಕರ್ನಾಟಕದ ಓದುಗರಿಗೆ ಈ ಕ್ರಮ ಹೊಸದಲ್ಲ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಮತದಾರರು ಹೆಸರಿನ ಮುಂದೆ 1, 2, 3 ಎಂದು ಬರೆಯುವುದು ಇದೇ ತತ್ವದಿಂದ. ಪ್ರೊಕಚೀನೊ ಶೇ. 33 ಮತದಿಂದ ಅಭ್ಯರ್ಥಿಯಾದ 1969ರಲ್ಲಿಯೇ, ಎರಡು ತಿಂಗಳ ನಂತರ, ಭಾರತದ ರಾಷ್ಟ್ರಪತಿ ಚುನಾವಣೆಯಲ್ಲಿ ಯಾರಿಗೂ ಮೊದಲ ಪ್ರಾಶಸ್ತ್ಯದಲ್ಲಿ ಅಗತ್ಯ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿ ಅವರು ಆಯ್ಕೆಯಾದರೆಂದು ಘೋಷಿಸಲಾಯಿತು. ನ್ಯೂಯಾರ್ಕ್ ಎರಡನೆಯ ಮತದಾನದ ದಾರಿ ಹಿಡಿದ ಸಮಸ್ಯೆಯನ್ನು ನಮ್ಮ ಸಂವಿಧಾನ ಒಂದೇ ಮತಪತ್ರದೊಳಗೆ ಬಗೆಹರಿಸಿತ್ತು.

ಆದರೆ ಪ್ರಾಶಸ್ತ್ಯ ಪದ್ಧತಿಯಿಂದ ಸಿದ್ಧತೆಯ ಕಾಲದ ಪ್ರಶ್ನೆ ಇಲ್ಲವಾಗಲಿಲ್ಲ. 2021ರ ಜೂನ್ 22ರ ಪ್ರೈಮರಿಯ ಒಂದು ವಾರದ ನಂತರ ಪ್ರಕಟಿಸಿದ ಪ್ರಾಥಮಿಕ ಲೆಕ್ಕದಲ್ಲಿ, ಯಂತ್ರಗಳ ಪರೀಕ್ಷೆಗೆ ಬಳಸಿದ್ದ ಸುಮಾರು 1,35,000 ಮಾದರಿ ಮತಗಳು ಅಳಿಸದೆ ಸೇರಿಹೋಗಿದ್ದುದು ಪತ್ತೆಯಾಯಿತು. ಚುನಾವಣಾ ಮಂಡಳಿ ಆ ಲೆಕ್ಕವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಂಚೆ ಮತಗಳನ್ನು ಸೇರಿಸಿದ ಮೇಲೆ ಜುಲೈ 6ರಂದು ಎರಿಕ್ ಆಡಮ್ಸ್ ಗೆಲುವು ಸ್ಪಷ್ಟವಾಯಿತು. ಅಂತಿಮ ಲೆಕ್ಕದಲ್ಲಿ ಅವರಿಗೂ ಕ್ಯಾಥರಿನ್ ಗಾರ್ಸಿಯಾ ಅವರಿಗೂ ಇದ್ದ ಅಂತರ 7,197 ಮತ. ಜೂನ್ 22ರಿಂದ ಜುಲೈ 6ಕ್ಕೆ 14 ದಿನ. ಹಿಂದೆ ಇಡೀ ಎರಡನೆಯ ಚುನಾವಣೆಯನ್ನು ನಡೆಸಲು ಕೊಡುತ್ತಿದ್ದ ಅವಧಿಯೂ ಅಷ್ಟೇ. ಮೊದಲು ಮುದ್ರಣಕ್ಕೂ ಸಾಗಣೆಗೂ ವ್ಯಯವಾಗುತ್ತಿದ್ದ ದಿನಗಳು ಈಗ ಎಣಿಕೆಗೆ ವ್ಯಯವಾದವು. ವ್ಯತ್ಯಾಸವೆಂದರೆ ಕಾಯುವ ಹೊರೆ ಮತದಾರನಿಂದ ಕಚೇರಿಗೆ ವರ್ಗವಾಯಿತು. ವಿದೇಶದ ಸೈನಿಕನೂ ಹಾಸಿಗೆ ಹಿಡಿದ ವೃದ್ಧೆಯೂ ತಮ್ಮ ಎರಡನೆಯ ಆಯ್ಕೆಯನ್ನು ಮೊದಲ ಮತಪತ್ರದಲ್ಲಿಯೇ ಹೇಳಿಬಿಟ್ಟಿರುತ್ತಾರೆ. 2025ರ ಜೂನ್ 24ರ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಗೆದ್ದಾಗ ಪ್ರಾಶಸ್ತ್ಯದ ಲೆಕ್ಕ ಒಂದು ವಾರದಲ್ಲಿ, ಜುಲೈ 1ರಂದು, ಹೊರಬಿತ್ತು. 2021ರ ಗೊಂದಲ ಮರುಕಳಿಸಲಿಲ್ಲ.

9. ಸಮಾರೋಪ

ನ್ಯೂಯಾರ್ಕ್ ನಗರದ ಈ ಇತಿಹಾಸದಲ್ಲಿ ಎರಡು ಮತದಾನಗಳ ನಡುವಿನ ಅಂತರ 22 ದಿನ, 11 ದಿನ, 16 ದಿನ, 14 ದಿನ, 21 ದಿನ ಎಂದು ಬದಲಾಗುತ್ತಾ ಬಂದಿದೆ. ಇವುಗಳಲ್ಲಿ ಯಾವುದೂ ‘ಮತದಾರನಿಗೆ ಎಷ್ಟು ದಿನ ಬೇಕು’ ಎಂಬ ಪ್ರಶ್ನೆಯಿಂದ ಹುಟ್ಟಿದ್ದಲ್ಲ. ಒಮ್ಮೆ ನವೆಂಬರ್‌ನ ದಿನಾಂಕ, ಒಮ್ಮೆ ದುರಂತ, ಒಮ್ಮೆ ಯಂತ್ರದ ಮಿತಿ ಅದನ್ನು ನಿರ್ಧರಿಸಿತು. ಶೇ. 40ರ ನಿಯಮದ ಆಶಯ ಹೆಚ್ಚು ಜನರ ಒಪ್ಪಿಗೆ ಪಡೆದವರು ಅಭ್ಯರ್ಥಿಯಾಗಬೇಕೆಂಬುದು. ಅವಧಿ ಸಾಲದಾದಾಗ ಅದೇ ನಿಯಮ ಇಪ್ಪತ್ತರಲ್ಲಿ ಒಬ್ಬಿಬ್ಬರು ಮತದಾರರ ಒಪ್ಪಿಗೆಯಿಂದ ಹುದ್ದೆಯನ್ನು ತುಂಬಿತು.

ಊರಹಬ್ಬವನ್ನು ಸಾರುವಾಗ ಹಿರಿಯರು ದೂರದಲ್ಲಿರುವ ಮಗಳ ಮನೆಗೆ ಸುದ್ದಿ ಮುಟ್ಟಿ ಆಕೆ ಬಂದು ಸೇರಲು ಬೇಕಾದ ದಿನಗಳನ್ನು ಲೆಕ್ಕಹಾಕುತ್ತಾರೆ. ಹತ್ತಿರದವರಿಗೆ ಎಷ್ಟು ಸಾಕೆಂಬುದು ಅಲ್ಲಿ ಅಳತೆಯಾಗುವುದಿಲ್ಲ. ಚುನಾವಣೆಯ ದಿನಾಂಕ ನಿಗದಿಪಡಿಸುವವರಿಗೂ ಇದಕ್ಕಿಂತ ಬೇರೆಯ ಅಳತೆ ಇರಲಾರದು. ಅತಿ ದೂರದ, ಅತಿ ನಿಧಾನದ, ಅಲ್ಪಸಂಖ್ಯೆಯ ಭಾಷೆಯ ಮತದಾರನಿಗೆ ಸಾಲುವಷ್ಟು ದಿನ ಕೊಟ್ಟರೆ ಉಳಿದವರಿಗೆ ಅದು ತಾನಾಗಿಯೇ ಸಾಲುತ್ತದೆ. ಚುನಾವಣೆಗಳ ಇತಿಹಾಸವನ್ನು ಸಂಗ್ರಹಿಸುವ ಗ್ರಂಥಾಲಯಗಳೂ ದಾಖಲೆ ಕೇಂದ್ರಗಳೂ ಫಲಿತಾಂಶದ ಪಟ್ಟಿಗಳ ಜೊತೆಗೆ ಮುದ್ರಣದ ಆದೇಶ, ಕರಡು ಪ್ರತಿ, ಸಾಗಣೆಯ ದಿನಚರಿ, ಹಳೆಯ ಯಂತ್ರಗಳ ಬಿಡಿಭಾಗ ಇವುಗಳನ್ನೂ ಕಾಪಾಡಿದರೆ ಮುಂದಿನ ಸಂಶೋಧಕರಿಗೆ ಈ ನಡುವಣ ಕಾಲದ ಇತಿಹಾಸವನ್ನು ಇನ್ನಷ್ಟು ವಿಸ್ತಾರವಾಗಿ ಬರೆಯಲು ಸಾಧ್ಯವಾದೀತು.